ಹಾಕಿ ಮೈದಾನದ ಖಾಲಿ ಮೆಟ್ಟಿಲುಗಳೂ ಟಿಕೇಟಿನ ದರವೂ

ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಬಂಧುಗಳಲ್ಲಿ ದಿನಪತ್ರಿಕೆಯನ್ನು ಹಿಂದಿನ ಪುಟದಿಂದ ತೆರೆಯುವವರೇ ಹೆಚ್ಚು. ಇದರಲ್ಲಿ ತಪ್ಪೇನೂ ಇಲ್ಲ. ದಿನವಿಡೀ ಲೆಕ್ಕದ ಸಾಲುಗಳನ್ನೋ ಕಾರಖಾನೆಯ ಯಂತ್ರವನ್ನೋ ನೋಡಿ ದಣಿದ ಕಣ್ಣಿಗೆ ಆಟದ ವರದಿ ತಂಪೆನಿಸುವುದು ಸಹಜ. ಆದರೆ ಇವರ ಪೈಕಿ ಮೈದಾನಕ್ಕೆ ಹೋಗಿ ಒಂದು ಪಂದ್ಯವನ್ನಾದರೂ ಕಣ್ಣಾರೆ ಕಂಡು ಬಂದವರು ಎಷ್ಟು ಮಂದಿ ಎಂದು ವಿಚಾರಿಸಿದರೆ ಒಂದು ಕೈಯ ಬೆರಳು ಸಾಕಾಗುತ್ತವೆ. ಕಾರಣ ಕೇಳಿದರೆ ಬರುವ ಉತ್ತರವೂ ಒಂದೇ: "ಟಿಕೇಟು ನಮ್ಮ ಕೈಗೆ ಎಟಕುವುದಿಲ್ಲ."

ದೊಡ್ಡ ಕ್ರಿಕೆಟ್ಟಿನ ಮಟ್ಟಿಗೆ ಈ ಮಾತು ದಿಟ. ಆದರೆ ಕಾಲೇಜು ಕಾಲೇಜುಗಳ ನಡುವೆ ನಡೆಯುವ ಹಾಕಿ ಪಂದ್ಯಕ್ಕೆ ಟಿಕೇಟೇ ಇಲ್ಲ, ಅಲ್ಲಿಯೂ ಜನರಿಲ್ಲ. ಆಡುವ ಹುಡುಗರು, ಅವರ ತರಬೇತುದಾರರು, ಇಬ್ಬರು ಅಂಪೈರುಗಳು, ನೀರಿನ ಬಾಟಲಿ ಹೊತ್ತ ನಾಲ್ಕು ಮಂದಿ ಗೆಳೆಯರು - ಇಷ್ಟೇ ಸಭೆ. ಸಾವಿರಗಟ್ಟಲೆ ರೂಪಾಯಿಯ ಆಟಕ್ಕೆ ನೂಕುನುಗ್ಗಲು, ಬಿಟ್ಟಿ ಆಟಕ್ಕೆ ಬಿಕೋ ಎನ್ನುವ ಮೆಟ್ಟಿಲು. ಇವೆರಡೂ ಒಂದೇ ಊರಿನಲ್ಲಿ ಹೇಗೆ ಕೂಡಿ ಬಂದವು ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಮುಂಬಯಿ ಒಂದು ಕಾಲಕ್ಕೆ ಹಾಕಿಯ ಊರಾಗಿತ್ತೆಂದರೆ ಇಂದಿನ ಹುಡುಗರು ನಂಬಲಾರರು. ಆಗಾ ಖಾನ್ ಕಪ್ಪಿನ ಪಂದ್ಯಾವಳಿ ಇಲ್ಲಿ 1896ರಲ್ಲಿಯೇ ಆರಂಭವಾಗಿತ್ತು. ಬಾಂದ್ರಾದ ಸೇಂಟ್ ಸ್ಟಾನಿಸ್ಲಾಸ್ ಶಾಲೆಯಿಂದ ಆಟಗಾರರು ಸಾಲುಸಾಲಾಗಿ ಹೊರಬಂದರು. ಟಾಟಾ, ರೈಲ್ವೆ, ಕಸ್ಟಮ್ಸ್, ಮಹೀಂದ್ರ, ಭಾರತ್ ಪೆಟ್ರೋಲಿಯಂ ಮುಂತಾದ ಸಂಸ್ಥೆಗಳು ಆಟಗಾರರನ್ನು ನೌಕರಿಗೆ ತೆಗೆದುಕೊಂಡು ತಂಡ ಕಟ್ಟಿದವು. ನಮ್ಮ ಕೊಡಗಿನ ಎಂ. ಎಂ. ಸೋಮಯ್ಯನವರು 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸೋಲ್ ಒಲಿಂಪಿಕ್ಸಿನಲ್ಲಿ ಭಾರತದ ನಾಯಕರಾದವರು. ಅವರ ಉದ್ಯೋಗವೂ ಆಟವೂ ಬಹುಕಾಲ ಇದೇ ಮುಂಬಯಿಯಲ್ಲಿ, ಭಾರತ್ ಪೆಟ್ರೋಲಿಯಂನಲ್ಲಿ ನಡೆಯಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಂಪೆನಿಯ ತಂಡ ಆಡುವಾಗ ನೋಡಲು ಹೋಗುತ್ತಿದ್ದವರು ಯಾರು? ಆ ಕಂಪೆನಿಯ ಗುಮಾಸ್ತರೇ. ಬೆಳಿಗ್ಗೆ ಪಕ್ಕದ ಮೇಜಿನಲ್ಲಿ ಕುಳಿತು ಫೈಲು ಸರಿಸಿದ ಮನುಷ್ಯ ಸಂಜೆ ಸ್ಟಿಕ್ಕು ಹಿಡಿದು ಓಡುವುದನ್ನು ಕಾಣುವ ಕುತೂಹಲ ಯಾರಿಗೆ ತಾನೇ ಇರುವುದಿಲ್ಲ! ಚರ್ಚ್‌ಗೇಟ್ ನಿಲ್ದಾಣದಿಂದ ಹಾಕಿ ಮೈದಾನಕ್ಕೆ ನಡೆದೇ ಹೋಗಬಹುದು. ಕೋಟೆಯ ಕಚೇರಿಗಳೂ ದೂರವಿಲ್ಲ. ಕಚೇರಿ ಬಿಟ್ಟು ಪಂದ್ಯ ನೋಡಿ, ರೈಲು ಹಿಡಿದು ಊಟದ ಹೊತ್ತಿಗೆ ಮನೆ ಸೇರುವುದಕ್ಕೆ ಅಡ್ಡಿ ಇರಲಿಲ್ಲ. ಕ್ರಿಕೆಟ್ಟಿನಲ್ಲಿ ಟೈಮ್ಸ್ ಶೀಲ್ಡ್ ಪಂದ್ಯಾವಳಿಯ ಜೀವಾಳವೂ ಇದೇ ಆಗಿತ್ತು. ಹೀಗೆ ಆ ಪ್ರೇಕ್ಷಕರು ಆಟದ ಭಕ್ತರಾಗಿ ಬಂದವರಲ್ಲ, ಆಡುವವರ ಪರಿಚಿತರಾಗಿ ಬಂದವರು. ಮುಂದೆ ಕಂಪೆನಿಗಳು ಆಟಗಾರರಿಗೆ ಕೆಲಸ ಕೊಡುವುದನ್ನು ಕಡಿಮೆ ಮಾಡಿದವು, ಕೆಲವು ತಂಡಗಳನ್ನೇ ಮುಚ್ಚಿದವು, ಕಚೇರಿಗಳು ಕೋಟೆಯನ್ನು ಬಿಟ್ಟು ಅಂಧೇರಿಗೂ ಐರೋಲಿಗೂ ಹೋದವು. ಪ್ರೇಕ್ಷಕನ ಕಟ್ಟು ಅಲ್ಲಿಯೇ ಸಡಿಲವಾಯಿತು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲವನ್ನೂ ದೂರದರ್ಶನದ ತಲೆಗೆ ಕಟ್ಟುತ್ತಾರೆ.

ದೂರದರ್ಶನದ ಪಾಲು ಇಲ್ಲವೆಂದಲ್ಲ. 1981ರ ಡಿಸೆಂಬರ್ ಕೊನೆಯಿಂದ 1982ರ ಜನವರಿ 12ರವರೆಗೆ ಹಾಕಿಯ ವಿಶ್ವಕಪ್ ನಮ್ಮ ಮುಂಬಯಿಯಲ್ಲಿಯೇ ನಡೆಯಿತು. ಪಾಕಿಸ್ತಾನ ಪಶ್ಚಿಮ ಜರ್ಮನಿಯನ್ನು 3-1ರಿಂದ ಸೋಲಿಸಿ ಗೆದ್ದಿತು; ಭಾರತಕ್ಕೆ ಐದನೆಯ ಸ್ಥಾನ. ಅದೇ 1982ರ ಡಿಸೆಂಬರಿನಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳ ಅಂತಿಮ ಪಂದ್ಯದಲ್ಲಿ ಭಾರತ ಪಾಕಿಸ್ತಾನಕ್ಕೆ 7-1ರಿಂದ ಸೋತದ್ದನ್ನು ದೇಶವೆಲ್ಲ ಹೊಸದಾಗಿ ಬಂದಿದ್ದ ಬಣ್ಣದ ದೂರದರ್ಶನದಲ್ಲಿ ಕಂಡಿತು. ಏಳು ತಿಂಗಳೂ ತುಂಬುವ ಮೊದಲೇ, 1983ರ ಜೂನ್ 25ರಂದು, ಲಾರ್ಡ್ಸಿನಲ್ಲಿ ಕ್ರಿಕೆಟ್ ವಿಶ್ವಕಪ್ ಕೈಗೆ ಬಂದಿತು. ಒಂದು ಆಟದ ಮಾನ ಕುಸಿದದ್ದೂ ಇನ್ನೊಂದರ ಮಾನ ಏರಿದ್ದೂ ಒಂದೇ ಪೆಟ್ಟಿಗೆಯಲ್ಲಿ, ಒಂದರ ಬೆನ್ನಿಗೆ ಒಂದು. ಹುಡುಗರ ಮನಸ್ಸು ಯಾವ ಕಡೆ ತಿರುಗಿತೆಂದು ಹೇಳಬೇಕಾದುದಿಲ್ಲ.

ಇನ್ನೊಂದು ಕಾರಣ ಹುಲ್ಲಿನದು. 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಿಂದ ದೊಡ್ಡ ಹಾಕಿ ಕೃತಕ ಹಾಸಿನ ಮೇಲೆ ಆಡುವ ಆಟವಾಯಿತು. ಆ ಹಾಸಿಗೆ ಕೋಟಿಗಟ್ಟಲೆ ರೂಪಾಯಿ ಬೇಕು. ಪಂದ್ಯಕ್ಕೆ ಮೊದಲು ಹೇರಳ ನೀರು ಚಿಮುಕಿಸಬೇಕು. ಕೆಲವು ವರ್ಷಗಳಿಗೊಮ್ಮೆ ಕಿತ್ತು ಬೇರೆ ಹಾಸಬೇಕು. ಸಾಮಾನ್ಯ ಕಾಲೇಜಿಗೆ ಇದು ಆಗಿಹೋಗುವ ಮಾತಲ್ಲ. ಆದುದರಿಂದ ಕಾಲೇಜಿನ ಅಂಗಳದಲ್ಲೋ ಊರ ಮೈದಾನದಲ್ಲೋ ನಡೆಯುತ್ತಿದ್ದ ಪಂದ್ಯಗಳು ಹಾಸು ಇರುವ ಒಂದೆರಡು ಕ್ರೀಡಾಂಗಣಗಳ ಗೋಡೆಯ ಒಳಗೆ ಹೋದವು. ಬಯಲಿನಲ್ಲಿ ಆಟ ನಡೆದರೆ ದಾರಿಹೋಕನೂ ಎರಡು ನಿಮಿಷ ನಿಲ್ಲುತ್ತಾನೆ, ಎರಡು ನಿಮಿಷ ಅರ್ಧ ಗಂಟೆಯಾಗುತ್ತದೆ. ಗೋಡೆಯ ಒಳಗಿನ ಆಟಕ್ಕೆ ದಾರಿಹೋಕರಿಲ್ಲ. ನಮ್ಮ ಡೊಂಬಿವಲಿ, ಕಲ್ಯಾಣದ ಕಡೆ ಬಯಲಿನ ಕಬಡ್ಡಿಗೂ ಟೆನಿಸ್ ಚೆಂಡಿನ ಕ್ರಿಕೆಟ್ಟಿಗೂ ಈಗಲೂ ಜನ ಮುತ್ತುವುದು ಏಕೆಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಡ.

ಹಣ ಸುರಿದು ಹಾಕಿಯನ್ನು ಎಬ್ಬಿಸುವ ಯತ್ನಗಳೂ ನಡೆದವು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಆರಂಭವಾದಾಗ ಮುಂಬಯಿಗೂ ಒಂದು ತಂಡವಿತ್ತು. ಹೆಸರು, ಒಡೆಯರು ಬದಲಾದರೂ ಚರ್ಚ್‌ಗೇಟಿನ ಮೈದಾನದಲ್ಲಿ ಪಂದ್ಯಗಳು ನಡೆದವು. 2017ರ ನಂತರ ಲೀಗೇ ನಿಂತಿತು. 2024ರ ಡಿಸೆಂಬರಿನಲ್ಲಿ ಅದು ಮರಳಿ ಬಂದಾಗ ಪುರುಷರ 8 ತಂಡಗಳಲ್ಲಿ ಮುಂಬಯಿಯದೂ ಇರಲಿಲ್ಲ, ಬೆಂಗಳೂರಿನದೂ ಇರಲಿಲ್ಲ. ಪುರುಷರ ಪಂದ್ಯಗಳು ರೂರ್ಕೆಲಾದಲ್ಲಿ, ಮಹಿಳೆಯರವು ರಾಂಚಿಯಲ್ಲಿ ನಡೆದವು, ಪ್ರವೇಶ ಉಚಿತ. ನಮ್ಮ ಪಾಲಿಗೆ ಅದು ಮತ್ತೆ ಪರದೆಯ ಮೇಲಿನ ಆಟವೇ ಆಯಿತು.

ಹಾಗಾದರೆ ಟಿಕೇಟು ತೆಗೆದುಹಾಕಿದರೆ ಜನ ಬರುವರೇ? ಬರುವುದೂ ಉಂಟು, ಬಾರದಿರುವುದೂ ಉಂಟು. 2025ರ ಜನವರಿ 30ರಂದು ವಿರಾಟ್ ಕೊಹ್ಲಿ ಅನೇಕ ವರ್ಷಗಳ ಮೇಲೆ ರಣಜಿ ಪಂದ್ಯಕ್ಕೆ ಇಳಿದಾಗ, ಅದು ಗುರುವಾರದ ಮುಂಜಾನೆಯಾದರೂ, ದಿಲ್ಲಿಯ ಮೈದಾನದ ಬಾಗಿಲಲ್ಲಿ ಸಾವಿರಾರು ಜನ ನಿಂತಿದ್ದರು. ಇನ್ನೊಂದು ಕಡೆ, ಡೊಂಬಿವಲಿಯಲ್ಲಿ ಬೆಳೆದ ಅಜಿಂಕ್ಯ ರಹಾಣೆಯವರ ನಾಯಕತ್ವದಲ್ಲಿ ಮುಂಬಯಿ 42ನೆಯ ಸಲ ರಣಜಿ ಗೆದ್ದ 2024ರ ಅಂತಿಮ ಪಂದ್ಯ ವಾಂಖೆಡೆಯಲ್ಲಿಯೇ ನಡೆಯಿತು. ಮಾರ್ಚ್ 10ರ ಭಾನುವಾರ ಶುರುವಾಗಿ ಗುರುವಾರ ಮುಗಿಯಿತು. ಐದು ದಿನಗಳಲ್ಲಿ ನಾಲ್ಕು ಕೆಲಸದ ದಿನ. ಡೊಂಬಿವಲಿಯ ಗುಮಾಸ್ತ ತಮ್ಮೂರ ಹುಡುಗನನ್ನು ನೋಡಲು ರಜೆ ಹಾಕಬೇಕಾಗಿತ್ತು. ಪ್ರವೇಶದ ಬೆಲೆ ಸೊನ್ನೆಯಾದರೂ ದಿನಗೂಲಿಯ ಬೆಲೆ ಸೊನ್ನೆಯಲ್ಲ.

ಉಚಿತ ಆಟ ತುಂಬಿ ತುಳುಕುವುದನ್ನು ನೋಡಬೇಕೆಂದರೆ ಕೊಡಗಿಗೆ ಹೋಗಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯೊಂದನ್ನು ಏರ್ಪಡಿಸಿದರು. ಮೊದಲ ವರ್ಷ ಬಂದವು 60 ಕುಟುಂಬಗಳು. ಅನಂತರ ಪ್ರತಿವರ್ಷ ಒಂದೊಂದು ಕುಟುಂಬ ಆತಿಥ್ಯ ವಹಿಸಿ ಅದರ ಹೆಸರಿನಲ್ಲಿಯೇ ಪಂದ್ಯಾವಳಿ ನಡೆಯುವುದು ರೂಢಿಯಾಯಿತು. ಪ್ರಕೃತಿ ವಿಕೋಪ, ಕೋವಿಡ್ ಎಂದು ಕೆಲವು ವರ್ಷ ನಿಂತಿದ್ದು 2023ರಲ್ಲಿ ಮತ್ತೆ ಶುರುವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದಾಗ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಹಾಕಿಗೆ 396 ತಂಡಗಳು. ಒಂದೇ ಕುಟುಂಬದ ತಂಡದಲ್ಲಿ ಒಲಿಂಪಿಕ್ಸ್ ಆಡಿದವರೂ ಇರಬಹುದು, ಶಾಲೆಯ ಹುಡುಗಿಯೂ ಇರಬಹುದು, ನಡುವಯಸ್ಸಿನ ಚಿಕ್ಕಪ್ಪನೂ ಇರಬಹುದು. ನೋಡುವವರಲ್ಲಿ ಪ್ರತಿಯೊಬ್ಬರಿಗೂ ಮೈದಾನದಲ್ಲಿ ಯಾರೋ ಒಬ್ಬರು ನೆಂಟರು.

ಕೊಡಗಿನಲ್ಲಿಯೂ ಖರ್ಚು ಇಲ್ಲದೆ ಇಲ್ಲ. ಮೈದಾನ ಸಮ ಮಾಡಬೇಕು, ತಾತ್ಕಾಲಿಕ ಗ್ಯಾಲರಿ ಕಟ್ಟಬೇಕು, ತಿಂಗಳ ಮೇಲ್ಪಟ್ಟು ಪಂದ್ಯ ನಡೆಸಬೇಕು. ಆತಿಥ್ಯದ ಕುಟುಂಬ, ದಾನಿಗಳು, ಸರಕಾರದ ಅನುದಾನ ಕೂಡಿ ಆ ಹೊರೆ ಹೊರುತ್ತಾರೆ. ಅಂದರೆ ಆಟ ಬಿಟ್ಟಿಯಲ್ಲ. ಬಾಗಿಲಲ್ಲಿ ನಿಂತ ಪ್ರೇಕ್ಷಕನಿಂದ ವಸೂಲು ಮಾಡುವುದಿಲ್ಲ, ಅಷ್ಟೆ. ಈ ಭೇದವನ್ನು ನೆನಪಿಟ್ಟುಕೊಂಡು ಈಗ ದುಬಾರಿ ಬಾಗಿಲ ಕಡೆಗೆ ಬರೋಣ.

ದೊಡ್ಡ ಕ್ರಿಕೆಟ್ಟಿನ ಸಂಪಾದನೆ ಪ್ರೇಕ್ಷಕನ ಟಿಕೇಟಿನಿಂದ ಬರುವುದೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಹಳೆಯ ಲೆಕ್ಕ. 2023ರಿಂದ 2027ರವರೆಗಿನ ಐದು ವರ್ಷಗಳಿಗೆ ಐಪಿಎಲ್ ಪ್ರಸಾರದ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಆ ಮೊತ್ತದ ಮುಂದೆ ಮೆಟ್ಟಿಲ ಮೇಲಿನ ಕುರ್ಚಿಯ ದುಡ್ಡು ಚಿಲ್ಲರೆ. ಹಾಗಿದ್ದೂ ದರ ಏಕೆ ಏರುತ್ತದೆ? ಕುರ್ಚಿಗಳ ಸಂಖ್ಯೆ ಏರುವುದಿಲ್ಲ, ಕೊಳ್ಳಲು ಸಿದ್ಧರಿರುವವರ ಸಂಖ್ಯೆ ಏರುತ್ತದೆ. ಅದರಲ್ಲಿಯೂ ಒಂದು ಪಾಲು ಕುರ್ಚಿಗಳು ಕ್ಲಬ್ಬುಗಳಿಗೆ, ಪ್ರಾಯೋಜಕರಿಗೆ, ಅಧಿಕಾರಿಗಳಿಗೆ ಮೊದಲೇ ಹಂಚಿಹೋಗುತ್ತವೆ. ಉಳಿದದ್ದಕ್ಕೆ ಪೈಪೋಟಿ. ನೆರೂಳಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಎಂಬ ವಿದೇಶೀ ಗಾಯಕ ತಂಡದ ಕಾರ್ಯಕ್ರಮಕ್ಕೆ ಟಿಕೇಟು 2,500 ರೂಪಾಯಿಯಿಂದ 35,000 ರೂಪಾಯಿಯವರೆಗೆ ಇತ್ತು; ಮೂರು ದಿನವೂ ಜಾಗ ಸಾಲಲಿಲ್ಲ. ಇಂಥ ಗಿರಾಕಿಯನ್ನು ಕಂಡ ಮೇಲೆ ಮಾರುವವನು ನಮ್ಮ ನಿಮ್ಮ ಕಡೆಗೆ ನೋಡಬೇಕಾದ ಅಗತ್ಯವೇನು?

ಇದರ ಮೇಲೆ ತೆರಿಗೆ. ಮಾನ್ಯತೆ ಪಡೆದ ಕ್ರೀಡಾಪಂದ್ಯದ ಟಿಕೇಟು 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. ಮೀರಿದರೆ ನೂರಕ್ಕೆ 18. ಐಪಿಎಲ್ ಪಂದ್ಯಗಳ ದರವೇ ಬೇರೆ: ಮೊದಲು ನೂರಕ್ಕೆ 28 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40 ಆಯಿತು. ಮೂಲಬೆಲೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಮೊದಲು 1,280 ಕೊಡುತ್ತಿದ್ದ ಕಡೆ ಈಗ 1,400 ಕೊಡಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳೆಂದರೆ 5,600. ಇದರ ಮೇಲೆ ಮುಂಗಡ ಕಾದಿರಿಸುವ ಶುಲ್ಕ ಬೇರೆ. ಹೊರಗಿನ ತಿಂಡಿ ಒಳಗೆ ಬಿಡದಿರುವುದರಿಂದ ಒಳಗಿನ ದರದ ತಿಂಡಿ ಬೇರೆ.

ಕೊನೆಯ ಖರ್ಚು ಗಡಿಯಾರದ್ದು. ಐಪಿಎಲ್ ಪಂದ್ಯ ಸಂಜೆ ಏಳೂವರೆಗೆ ಶುರುವಾಗಿ ಹನ್ನೊಂದರ ಮೇಲೆ ಮುಗಿಯುತ್ತದೆ. ವಾಂಖೆಡೆಯಿಂದ ಹೊರಟು, ದಾದರಿನಲ್ಲಿ ಗಾಡಿ ಬದಲಿಸಿ, ಕಲ್ಯಾಣ ತಲುಪುವ ಹೊತ್ತಿಗೆ ತಾರೀಖೇ ಬದಲಾಗಿರುತ್ತದೆ. ಮರುದಿನ ಬೆಳಗಿನ ಪಾಳಿಗೆ ಏಳಬೇಕಾದವನಿಗೆ ಇದು ಸಣ್ಣ ಮಾತಲ್ಲ. ನೆರೂಳ್ ಸ್ವಲ್ಪ ವಾಸಿ - ಠಾಣೆಯಲ್ಲಿ ಒಮ್ಮೆ ಗಾಡಿ ಬದಲಿಸಿದರೆ ಆಯಿತು. ಆದರೂ ಕೊನೆಯ ಗಾಡಿಯ ಚಿಂತೆಯಲ್ಲಿ ಕೊನೆಯ ಓವರುಗಳನ್ನು ಬಿಟ್ಟು ಎದ್ದು ಬರುವ ಸಂಸಾರಸ್ಥರನ್ನು ನಾವು ಎಷ್ಟೋ ಕಂಡಿದ್ದೇವೆ. ಪೂರ್ತಿ ದುಡ್ಡು ಕೊಟ್ಟು ಮುಕ್ಕಾಲು ಆಟ ನೋಡಿದಂತಾಯಿತು.

ಹಾಕಿಗೆ ಈ ವಿಷಯದಲ್ಲಿ ಒಂದು ಅನುಕೂಲವುಂಟು, ಯಾರೂ ಅದನ್ನು ಹೇಳಿಕೊಳ್ಳುವುದಿಲ್ಲ. ತಲಾ 15 ನಿಮಿಷದ ನಾಲ್ಕು ಪಾಳಿ, ನಡುವೆ ಬಿಡುವು; ಒಂದೂವರೆ ಗಂಟೆಯ ಸುತ್ತಿನಲ್ಲಿ ಎಲ್ಲ ಮುಗಿಯುತ್ತದೆ. ದುಡಿಯುವವನ ಸಂಜೆಗೆ ಅಳೆದು ಹೊಲಿದಂಥ ಆಟ. ಆದರೆ ಕಾಲೇಜು ಪಂದ್ಯಗಳನ್ನು ಇಡುವುದು ವಾರದ ನಡುವೆ, ಬೆಳಗಿನ ಹೊತ್ತು ಅಥವಾ ಮಧ್ಯಾಹ್ನದ ಬಿಸಿಲಿನಲ್ಲಿ. ಆ ಹೊತ್ತಿಗೆ ಹುಡುಗನ ತಂದೆ ಕಾರಖಾನೆಯಲ್ಲಿರುತ್ತಾನೆ. ತರಗತಿ ತಪ್ಪಿಸಿದರೆ ಹಾಜರಿ ಹೋಗುವುದರಿಂದ ಸಹಪಾಠಿಯೂ ಬರುವುದಿಲ್ಲ. ಪಂದ್ಯ ಇದೆಯೆಂಬ ಸುದ್ದಿ ಕಾಲೇಜಿನ ಫಲಕವನ್ನು ದಾಟಿ ಹೊರಗೆ ಬರುವುದೂ ಅಪರೂಪ.

ಬೆಲೆಯೂ ಇಳಿದು, ಮೈದಾನವೂ ತುಂಬಿದ ಒಂದು ಉದಾಹರಣೆ ನಮ್ಮ ನವಿ ಮುಂಬಯಿಯಲ್ಲಿಯೇ ಇದೆ. ಅದಕ್ಕೆ ಹಿನ್ನೆಲೆಯಾಗಿ ಬೆಂಗಳೂರಿನ ಒಂದು ದುಃಖವೂ ಇದೆ. 2025ರ ಜೂನ್ 4ರಂದು ಐಪಿಎಲ್ ಗೆದ್ದ ಬೆಂಗಳೂರು ತಂಡದ ಸಂಭ್ರಮಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಸೇರಿದ ಜನಸಾಗರದಲ್ಲಿ ನೂಕುನುಗ್ಗಲಾಗಿ 11 ಜನ ಪ್ರಾಣ ಕಳೆದುಕೊಂಡರು. ಉಚಿತ ಪ್ರವೇಶದ ಸುದ್ದಿ ಹರಡಿತ್ತು. ಎಷ್ಟು ಜನಕ್ಕೆ ಜಾಗ, ಯಾವ ಬಾಗಿಲು, ಯಾವಾಗ ತೆರೆಯುವುದು ಎಂಬುದು ನೆರೆದವರಿಗೆ ತಿಳಿದಿರಲಿಲ್ಲ. ಬಾಗಿಲನ್ನು ಬಿಟ್ಟಿಯಾಗಿ ತೆರೆಯುವುದಕ್ಕೂ ಎಣಿಕೆ ಬೇಕೆಂಬುದು ಇಷ್ಟು ದೊಡ್ಡ ಬೆಲೆ ತೆತ್ತ ಮೇಲೆ ತಿಳಿಯಬಾರದಾಗಿತ್ತು. ಆ ವರ್ಷದ ಮಹಿಳಾ ವಿಶ್ವಕಪ್ಪಿನಲ್ಲಿ ಬೆಂಗಳೂರಿಗೆ ಗೊತ್ತಾಗಿದ್ದ ಪಂದ್ಯಗಳು ತಪ್ಪಿಹೋಗಿ, ಬದಲಿಗೆ ನವಿ ಮುಂಬಯಿಯ ಹೆಸರು ಪಟ್ಟಿಗೆ ಬಂದಿತು.

ಆ ವಿಶ್ವಕಪ್ಪಿನ ಭಾರತದ ಲೀಗ್ ಪಂದ್ಯಗಳಿಗೆ ಟಿಕೇಟು 100 ರೂಪಾಯಿಯಿಂದ ಶುರು. 500ರ ಒಳಗಿನದಾದ್ದರಿಂದ ತೆರಿಗೆಯ ಗೊಡವೆಯೂ ಇಲ್ಲ. ಅಕ್ಟೋಬರ್ 30ರ ಸೆಮಿಫೈನಲಿನಲ್ಲಿ ಆಸ್ಟ್ರೇಲಿಯದ ಎದುರು 339ರ ಗುರಿ ಬೆನ್ನಟ್ಟುವಾಗ ಜೆಮಿಮಾ ರೋಡ್ರಿಗ್ಸ್ ಔಟಾಗದೆ 127 ಹೊಡೆದರು. ಮುಂಬಯಿಯ ಈ ಹುಡುಗಿ ಮಹಾರಾಷ್ಟ್ರದ ಕಿರಿಯರ ಹಾಕಿ ತಂಡದಲ್ಲಿಯೂ ಆಡಿದವಳು. ಎರಡು ಆಟಗಳಲ್ಲಿ ಒಂದನ್ನು ಆಯ್ದುಕೊಳ್ಳಬೇಕಾಗಿ ಬಂದಾಗ ಬ್ಯಾಟನ್ನು ಹಿಡಿದಳು. ಅವಳ ಆಯ್ಕೆಯನ್ನು ಆಕ್ಷೇಪಿಸುವಂತಿಲ್ಲ, ಆದರೆ ಹಾಕಿ ಮೈದಾನದ ಮೆಟ್ಟಿಲುಗಳನ್ನು ನೆನೆದು ನಮಗೆ ಸ್ವಲ್ಪ ಹೊಟ್ಟೆಯುರಿಯಾಯಿತೆಂದು ಒಪ್ಪಬೇಕು. ನವೆಂಬರ್ 2ರ ಅಂತಿಮ ಪಂದ್ಯ ಮಳೆಯಿಂದ ತಡವಾಗಿ ಶುರುವಾಗಿ, ಭಾರತ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸುವ ಹೊತ್ತಿಗೆ ಮಧ್ಯರಾತ್ರಿ. ಸುಮಾರು 40,000 ಜನ ಕದಲದೆ ಕುಳಿತಿದ್ದರು. ಅಪ್ಪನ ಹೆಗಲ ಮೇಲೆ ನಿದ್ದೆ ಹೋದ ಚಿಕ್ಕ ಹುಡುಗಿಯರೂ ಅದರಲ್ಲಿದ್ದರು. ಅದು ಭಾನುವಾರವಾಗಿದ್ದುದೂ ಒಂದು ಪುಣ್ಯ.

ಇದಕ್ಕೂ ಕೊಡಗಿನ ಬಯಲಿಗೂ ಇರುವ ಹೋಲಿಕೆ ಗಮನಿಸತಕ್ಕದ್ದು. ಎರಡು ಕಡೆಯೂ ಖರ್ಚಿನ ಹೊರೆಯನ್ನು ಬೇರೊಬ್ಬರು ಹೊತ್ತರು, ಬಾಗಿಲಲ್ಲಿ ಬೆಲೆ ಇಳಿಯಿತು. ಎರಡು ಕಡೆಯೂ ನೋಡುವವರಿಗೆ ಆಡುವವರು ತಮ್ಮವರೆನಿಸಿದರು. ಕಾಲೇಜು ಹಾಕಿಯಲ್ಲಿ ಮೊದಲನೆಯದು ಈಗಾಗಲೇ ಇದೆ, ಇಲ್ಲದಿರುವುದು ಎರಡನೆಯದು. ಆದುದರಿಂದ ಅದಕ್ಕೆ ಜಾಹೀರಾತಿಗಿಂತಲೂ ಬೇಕಾದದ್ದು ವೇಳಾಪಟ್ಟಿ. ಶನಿವಾರದ ಸಂಜೆಯೋ ಭಾನುವಾರವೋ ಪಂದ್ಯವಿಟ್ಟು, ಆಡುವ ಹುಡುಗರ ಹೆಸರನ್ನೂ ಊರನ್ನೂ ಮೊದಲೇ ತಿಳಿಸಿದರೆ, ಆ ಕಾಲೇಜಿನ ಸುತ್ತಿನ ನಾಲ್ಕು ಕೇರಿಯ ಜನ ಬಾರದೆ ಇರುವುದಿಲ್ಲ. ಠಾಣೆ, ಕಲ್ಯಾಣದ ಕಾಲೇಜುಗಳಲ್ಲಿ ನಮ್ಮ ಕನ್ನಡ ಮನೆಗಳ ಮಕ್ಕಳೂ ಓದುತ್ತಿದ್ದಾರೆ. ಕೆಲವರು ಆಡುತ್ತಲೂ ಇದ್ದಾರೆ. ಅವರ ಆಟ ಎಂದು, ಎಲ್ಲಿ ಎಂಬುದನ್ನು ಮನೆಯವರು ಒಂದು ಚೀಟಿಯಲ್ಲಿ ಬರೆದು ವಾಚನಾಲಯದ ಮೇಜಿನ ಮೇಲೆ ಇಟ್ಟರೆ ಫಲಕಕ್ಕೆ ಅಂಟಿಸುವ ಕೆಲಸ ನಮ್ಮದು. ಗೋಂದಿಗೆ ಕೊರತೆಯಿಲ್ಲ.

ದೊಡ್ಡ ಪಂದ್ಯಕ್ಕೇ ಹೋಗಬೇಕೆನ್ನುವವರು ಮೂಲಬೆಲೆ, ತೆರಿಗೆ, ಶುಲ್ಕ ಮೂರನ್ನೂ ಕೂಡಿಸಿ ನೋಡಿ ಮುಂದುವರಿಯಲಿ. 500ರ ಒಳಗಿನ ದರ್ಜೆ ಮೊದಲು ಮುಗಿದುಹೋಗುವುದರಿಂದ ಮಾರಾಟ ಶುರುವಾಗುವ ದಿನವನ್ನು ಪತ್ರಿಕೆಯಲ್ಲಿ ಗುರುತು ಹಾಕಿಟ್ಟುಕೊಳ್ಳಲಿ. ಬಾಗಿಲ ಹೊರಗೆ ಹೆಚ್ಚಿನ ಬೆಲೆಗೆ ಮಾರುವವರಿಂದ ಕೊಳ್ಳುವುದು ಬೇಡ. ಆ ಟಿಕೇಟು ಒಳಗೆ ನಡೆಯುವುದೋ ಇಲ್ಲವೋ ಎಂಬುದು ಬಾಗಿಲು ಮುಟ್ಟುವ ತನಕ ತಿಳಿಯುವುದಿಲ್ಲ. ನೆರೂಳಿನಿಂದ ಠಾಣೆಗೆ ಹೊರಡುವ ಕೊನೆಯ ಗಾಡಿಯ ಹೊತ್ತನ್ನು ಹೋಗುವಾಗಲೇ ನಿಲ್ದಾಣದಲ್ಲಿ ಕೇಳಿಕೊಂಡು ಹೋಗಲಿ.